ಕೆಂಪು ಚುಕ್ಕಿ: ದೂರದರ್ಶಕದ ಕಾರ್ಖಾನೆಯಿಂದ ಸೊಂಟದ ಪಿಸ್ತೂಲಿಗೆ

ಅಮೆರಿಕದ ಅರ್ಧಕ್ಕೂ ಹೆಚ್ಚು ರಾಜ್ಯಗಳಲ್ಲಿ ಇಂದು ವಯಸ್ಕರು ಪ್ರತ್ಯೇಕ ಪರವಾನಗಿ ಇಲ್ಲದೆಯೇ ಅಂಗಿಯ ಮರೆಯಲ್ಲಿ ಪಿಸ್ತೂಲು ಇಟ್ಟುಕೊಂಡು ಓಡಾಡಬಹುದು. ಇದು ಸರಿಯೇ ತಪ್ಪೇ ಎಂಬ ಚರ್ಚೆ ಇಲ್ಲಿ ಬೇಡ. ಆ ಪಿಸ್ತೂಲುಗಳ ಬೆನ್ನ ಮೇಲೆ ಸುಮಾರು ಹದಿನೈದು ವರ್ಷಗಳಿಂದೀಚೆಗೆ ಅಂಚೆಚೀಟಿಗಿಂತ ಚಿಕ್ಕದಾದ ಒಂದು ಗಾಜಿನ ಕಿಟಕಿ ಏರಿ ಕುಳಿತಿದೆ. ಅದರೊಳಗೆ ಕಣ್ಣಿಟ್ಟರೆ ಒಂದು ಕೆಂಪು ಚುಕ್ಕಿ ಕಾಣುತ್ತದೆ. ಚುಕ್ಕಿ ಎಲ್ಲಿದೆಯೋ ಗುಂಡು ಅಲ್ಲಿಗೆ ಹೋಗುತ್ತದೆ. ಇದರ ಹೆಸರು ರೆಡ್ ಡಾಟ್ ಸೈಟ್. ಸೈಟು ಎಂದೊಡನೆ ನಮಗೆ ಮೂವತ್ತು-ನಲವತ್ತರ ನಿವೇಶನ ನೆನಪಾಗುವುದು ಸಹಜ. ಆದರೆ ಎನ್‌ಸಿಸಿಯಲ್ಲಿ ರೈಫಲ್ ಹಿಡಿದವರಿಗೆ ಗುರಿ ಹಿಡಿಯುವ ಸಾಧನಕ್ಕೂ ಅದೇ ಹೆಸರಿರುವುದು ಗೊತ್ತು.

ಮರೆಯಲ್ಲಿ ಒಯ್ಯುವ, ಬೆವರು ಧೂಳು ಹತ್ತುವ, ತಿಂಗಳುಗಟ್ಟಲೆ ಬಳಸದೆ ಇದ್ದು ಒಂದೇ ಒಂದು ಕ್ಷಣದಲ್ಲಿ ಬೇಕಾಗುವ ಪಿಸ್ತೂಲಿಗೆ ಗಾಜು, ಬಲ್ಬು, ಬ್ಯಾಟರಿಗಳನ್ನು ಹೊತ್ತ ಉಪಕರಣ ಸಲ್ಲುತ್ತದೆಯೆ? ಈ ಪ್ರಶ್ನೆಗೆ ಬಂದೂಕಿನವರು ಬಂದೂಕಿನ ಭಾಷೆಯಲ್ಲೇ ಉತ್ತರ ಹೇಳುತ್ತಾರೆ. ಚರಿತ್ರೆಯನ್ನು ತೆರೆದು ನೋಡಿದರೆ ಬೇರೆಯೇ ಸಂಗತಿ ಕಾಣುತ್ತದೆ. ಚುಕ್ಕಿಯ ದೃಗ್ವಿಜ್ಞಾನ 1900ರಲ್ಲೇ ತೀರ್ಮಾನವಾಗಿತ್ತು. ಆಮೇಲೆ ನಡೆದದ್ದೆಲ್ಲ ದೀಪದ ಕತೆ: ಅದನ್ನು ಉರಿಸುವುದು ಹೇಗೆ, ಎಷ್ಟು ಹೊತ್ತು, ಮತ್ತು ಎಂಥ ಪೆಟ್ಟಿನ ನಡುವೆ.

ಮೊದಲೇ ಒಂದು ಗೊಂದಲವನ್ನು ನಿವಾರಿಸಿಬಿಡೋಣ. ಸಿನಿಮಾಗಳಲ್ಲಿ ಖಳನಾಯಕನ ಎದೆಯ ಮೇಲೆ ಓಡಾಡುವ ಕೆಂಪು ಬಿಂದು ಲೇಸರಿನದು. ಅದು ಗುರಿಯ ಮೇಲೆ ನಿಜವಾಗಿ ಬಿದ್ದಿರುತ್ತದೆ, ಎಲ್ಲರಿಗೂ ಕಾಣುತ್ತದೆ. ನಾವು ಹೇಳುತ್ತಿರುವ ಚುಕ್ಕಿ ಗುರಿಯ ಮೇಲೆ ಬೀಳುವುದೇ ಇಲ್ಲ. ಅದು ಹಿಡಿದವನ ಕಣ್ಣಿಗೆ ಮಾತ್ರ ಕಾಣುವ ಪ್ರತಿಬಿಂಬ.

ಕಣ್ಣಿನ ಕಷ್ಟ

ಸಾಮಾನ್ಯ ಪಿಸ್ತೂಲಿನಲ್ಲಿ ಗುರಿ ಹಿಡಿಯಲು ಎರಡು ಲೋಹದ ಗುರುತುಗಳಿರುತ್ತವೆ. ಹಿಂದೆ ಒಂದು ಕಚ್ಚು, ಮುಂದೆ ಒಂದು ಮೊಳೆ. ಕಚ್ಚಿನ ನಡುವೆ ಮೊಳೆ, ಮೊಳೆಯ ತುದಿಯಲ್ಲಿ ಗುರಿ, ಮೂರೂ ಒಂದೇ ಸಾಲಿಗೆ ಬರಬೇಕು. ತೊಂದರೆ ಏನೆಂದರೆ ಈ ಮೂರೂ ಬೇರೆ ಬೇರೆ ದೂರದಲ್ಲಿವೆ. ಕಣ್ಣಿನ ಮಸೂರ ಒಂದು ಸಲಕ್ಕೆ ಒಂದು ದೂರಕ್ಕೆ ಮಾತ್ರ ಹೊಂದಿಕೊಳ್ಳಬಲ್ಲದು. ಬೇಕಾದರೆ ಈಗಲೇ ತೋಳು ಚಾಚಿ ಹೆಬ್ಬೆರಳನ್ನು ಎತ್ತಿ ಹಿಡಿಯಿರಿ. ಉಗುರಿನ ಗೆರೆಗಳನ್ನು ಸ್ಪಷ್ಟವಾಗಿ ನೋಡುತ್ತಿದ್ದರೆ ಎದುರಿನ ಗೋಡೆಯ ಕ್ಯಾಲೆಂಡರ್ ಮಸುಕಾಗುತ್ತದೆ. ಕ್ಯಾಲೆಂಡರ್ ಓದಲು ಹೋದರೆ ಹೆಬ್ಬೆರಳು ಮಸುಕು, ಅದೂ ಎರಡೆರಡಾಗಿ. ನಲವತ್ತು ದಾಟಿ ಚಾಳೀಸು ಬಂದವರಿಗಂತೂ ಹೆಬ್ಬೆರಳು ಸ್ಪಷ್ಟವಾಗುವುದೇ ಕಷ್ಟ.

ತರಬೇತಿಯಲ್ಲಿ ಹೇಳಿಕೊಡುವುದು ಮುಂದಿನ ಮೊಳೆಯನ್ನು ನೋಡು ಎಂದು. ಆದರೆ ಜೀವಭಯದಲ್ಲಿರುವ ಮನುಷ್ಯನ ಕಣ್ಣು ತನ್ನ ಮೇಲೆ ಬರುತ್ತಿರುವವನನ್ನು ಬಿಟ್ಟು ಕೈಯಲ್ಲಿರುವ ಮೊಳೆಯ ಕಡೆ ತಿರುಗಲು ಒಪ್ಪುವುದಿಲ್ಲ. ಒಪ್ಪಿತೆನ್ನಿ, ಆಗ ಎದುರಿಗಿರುವವನ ಕೈ ಮಸುಕಾಗುತ್ತದೆ. ಆ ಕೈಯಲ್ಲಿರುವುದು ಪಿಸ್ತೂಲೋ ಮೊಬೈಲ್ ಫೋನೋ ಎಂಬುದೂ ಮಸುಕಾಗುತ್ತದೆ. ಇದು ಸಣ್ಣ ವಿಷಯವಲ್ಲ.

ಇನ್ನು ಜೋಡಣೆಯ ತಪ್ಪು. ಎರಡು ಗುರುತುಗಳ ನಡುವಿನ ಅಂತರ 15 ಸೆಂಟಿಮೀಟರ್ ಎಂದುಕೊಳ್ಳಿ. ಮೊಳೆ ಕಚ್ಚಿನೊಳಗೆ 1 ಮಿಲಿಮೀಟರ್ ಪಕ್ಕಕ್ಕೆ ಸರಿದರೆ 10 ಮೀಟರ್ ದೂರದಲ್ಲಿ ಗುಂಡು ಸುಮಾರು ಆರೂವರೆ ಸೆಂಟಿಮೀಟರ್ ಪಕ್ಕಕ್ಕೆ ಹೋಗುತ್ತದೆ. ಪಿಸ್ತೂಲು ಗಿಡ್ಡವಾದಷ್ಟೂ ಈ ತಪ್ಪು ದೊಡ್ಡದು. ಮರೆಯಲ್ಲಿ ಒಯ್ಯುವವು ಗಿಡ್ಡ ಪಿಸ್ತೂಲುಗಳೇ.

ಡಬ್ಲಿನ್ನಿನ ದೂರದರ್ಶಕದವನು

ಈ ಕಷ್ಟವನ್ನು ಬಿಡಿಸಿದವನು ಬಂದೂಕು ಮಾಡುವವನಲ್ಲ, ದೂರದರ್ಶಕ ಮಾಡುವವನು. ಐರ್ಲೆಂಡಿನ ಡಬ್ಲಿನ್ ನಗರದ ಹೊವರ್ಡ್ ಗ್ರಬ್ (1844-1931) ತಂದೆ ಥಾಮಸ್ ಗ್ರಬ್ ಕಟ್ಟಿದ ಕಾರ್ಖಾನೆಯಲ್ಲಿ ಜಗತ್ತಿನ ನಾನಾ ವೀಕ್ಷಣಾಲಯಗಳಿಗೆ ದೂರದರ್ಶಕ ತಯಾರಿಸುತ್ತಿದ್ದ. ಅವನ ಕೈಕೆಲಸ ನಮ್ಮ ದೇಶಕ್ಕೂ ಬಂದಿದೆ. ಭಾವನಗರದ ಮಹಾರಾಜರ ನೆರವಿನಿಂದ ಪುಣೆಯಲ್ಲಿ ಪ್ರೊಫೆಸರ್ ನೇಗಾಂವಾಲಾ ಸ್ಥಾಪಿಸಿದ ವೀಕ್ಷಣಾಲಯದ 20 ಅಂಗುಲದ ದೂರದರ್ಶಕ ಗ್ರಬ್ ಕಂಪೆನಿಯದು. 1912ರಲ್ಲಿ ಅದನ್ನು ಕೊಡೈಕನಾಲಿಗೆ ಸಾಗಿಸಲಾಯಿತು. ಕೊಡೈಕನಾಲಿನ ವೀಕ್ಷಣಾಲಯ ಇಂದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಅಧೀನದಲ್ಲಿದೆ. ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದ 15 ಅಂಗುಲದ ದೂರದರ್ಶಕವೂ ಗ್ರಬ್ ಕಾರ್ಖಾನೆಯದೇ.

1900ರಲ್ಲಿ ಗ್ರಬ್ ಒಂದು ಹೊಸ ಬಗೆಯ ಸೈಟಿಗೆ ಪೇಟೆಂಟ್ ಪಡೆದ. 1901ರಲ್ಲಿ ರಾಯಲ್ ಡಬ್ಲಿನ್ ಸೊಸೈಟಿಯ ಪತ್ರಿಕೆಯಲ್ಲಿ ಅದನ್ನು ವಿವರಿಸಿದ. ತತ್ತ್ವ ಸರಳ. ಪೀನ ಮಸೂರದ ಸಂಗಮ ಬಿಂದುವಿನಲ್ಲಿ ಒಂದು ಹೊಳೆಯುವ ಗುರುತನ್ನು ಇಟ್ಟರೆ ಅದರಿಂದ ಹೊರಟ ಕಿರಣಗಳು ಮಸೂರ ದಾಟಿದ ಮೇಲೆ ಸಮಾಂತರವಾಗುತ್ತವೆ ಎಂಬುದನ್ನು ಹೈಸ್ಕೂಲಿನಲ್ಲೇ ಓದಿದ್ದೇವೆ. ಆ ಸಮಾಂತರ ಕಿರಣಗಳ ದಾರಿಯಲ್ಲಿ 45 ಡಿಗ್ರಿ ಓರೆಯಾಗಿ ಒಂದು ಬರಿ ಗಾಜಿನ ಹಲಗೆ. ಗಾಜಿನ ಮೂಲಕ ಎದುರಿನ ದೃಶ್ಯ ಕಾಣುತ್ತದೆ, ಗಾಜಿನಿಂದ ಪ್ರತಿಫಲಿಸಿ ಗುರುತೂ ಕಾಣುತ್ತದೆ. ರಾತ್ರಿ ಬಸ್ಸಿನಲ್ಲಿ ಹೋಗುವಾಗ ಒಳಗಿನ ದೀಪ ಕಿಟಕಿಯ ಗಾಜಿನಲ್ಲಿ ಪ್ರತಿಫಲಿಸಿ ಹೊರಗಿನ ಹೊಲದ ಮೇಲೆ ತೇಲಿದಂತೆ ಕಾಣುವುದಿಲ್ಲವೆ, ಹಾಗೆ.

ಬಸ್ಸಿನ ದೀಪಕ್ಕೂ ಗ್ರಬ್‌ನ ಗುರುತಿಗೂ ಒಂದು ಮುಖ್ಯ ವ್ಯತ್ಯಾಸವುಂಟು. ಬಸ್ಸಿನೊಳಗೆ ನೀವು ತಲೆ ಅಲ್ಲಾಡಿಸಿದರೆ ಹೊರಗೆ ಕಾಣುವ ದೀಪ ಹೊಲದ ಮೇಲೆ ಜಾಗ ಬದಲಿಸುತ್ತದೆ. ಆದರೆ ಅದೇ ಬಸ್ಸಿನಿಂದ ಚಂದ್ರನನ್ನು ನೋಡಿ. ಅವನು ನಿಮ್ಮ ಜೊತೆಗೇ ಬರುತ್ತಾನೆ. ದೂರ ಅಷ್ಟು ಹೆಚ್ಚಾದ್ದರಿಂದ ನೀವು ಎಷ್ಟು ಸರಿದರೂ ಚಂದ್ರನ ದಿಕ್ಕು ಬದಲಾಗುವುದಿಲ್ಲ. ಸಮಾಂತರ ಕಿರಣಗಳು ಗುರುತನ್ನು ಹೀಗೆ ಚಂದ್ರನಿರುವ ಕಡೆಗೆ, ಅನಂತ ದೂರಕ್ಕೆ, ತಳ್ಳಿಬಿಡುತ್ತವೆ. ಕಣ್ಣು ಗಾಜಿನ ನಡುವೆ ಇರಲಿ ಅಂಚಿನಲ್ಲಿರಲಿ, ಗುರುತು ತೋರಿಸುವ ದಿಕ್ಕು ಒಂದೇ. ದೃಷ್ಟಿ ಗುರಿಯ ಮೇಲೆ ನೆಟ್ಟಿದ್ದಾಗಲೇ ಗುರುತೂ ಸ್ಪಷ್ಟ. ಕಚ್ಚು, ಮೊಳೆ, ಗುರಿ ಎಂಬ ಮೂರರ ಜಗ್ಗಾಟ ಮುಗಿಯಿತು.

ವಿಮಾನದಲ್ಲಿ ಬಿಡಿ ಬಲ್ಬು

ಹಾಗಿದ್ದರೆ 1901ರಿಂದಲೇ ಎಲ್ಲ ಬಂದೂಕಿಗೂ ಇದು ಏಕೆ ಬರಲಿಲ್ಲ? ಗುರುತನ್ನು ಬೆಳಗಲು ದೀಪ ಬೇಕಲ್ಲ! ಹಗಲಿನ ಪ್ರಖರ ಬೆಳಕಿನಲ್ಲೂ ಕಾಣುವಷ್ಟು ಹೊಳೆಯಬೇಕಾದರೆ ತಂತಿ ಉರಿಯುವ ಬಲ್ಬು ಬೇಕು, ಅದಕ್ಕೆ ದೊಡ್ಡ ವಿದ್ಯುತ್ ಮೂಲ ಬೇಕು. ಇವೆರಡೂ ಇದ್ದ ಜಾಗ ಯುದ್ಧವಿಮಾನ. 1918ರಲ್ಲಿ ಬರ್ಲಿನ್ನಿನ ಓಯ್‌ಗೆ ಕಂಪೆನಿಯ ಪ್ರತಿಫಲನ ಸೈಟುಗಳನ್ನು ಜರ್ಮನ್ ವಿಮಾನಗಳಲ್ಲಿ ಪ್ರಯೋಗಿಸಿದರು. 1930ರ ದಶಕದ ಕೊನೆಗೆ ಬ್ರಿಟಿಷ್ ಸ್ಪಿಟ್‌ಫೈರ್ ಮತ್ತು ಹರಿಕೇನ್ ವಿಮಾನಗಳಿಗೆ ಬಾರ್ ಅಂಡ್ ಸ್ಟ್ರೌಡ್ ಕಂಪೆನಿಯ ಸೈಟು ಬಂತು. ಜರ್ಮನರ ಬಳಿ ‘ರೆವಿ’ ಇತ್ತು.

ಸ್ಪಿಟ್‌ಫೈರಿನ ಚಾಲಕ ಕೂರುವ ಇಕ್ಕಟ್ಟಿನ ಗೂಡಿನಲ್ಲಿ ಈ ಸೈಟಿನ ಬಿಡಿ ಬಲ್ಬುಗಳನ್ನು ಇಡಲು ಪ್ರತ್ಯೇಕ ಜಾಗ ಮಾಡಿದ್ದರು. ಆ ಕಾಲದ ಎಷ್ಟೋ ಯುದ್ಧವಿಮಾನಗಳಲ್ಲಿ ಹೊಸ ಸೈಟಿನ ಪಕ್ಕದಲ್ಲೇ ಹಳೆಯ ಕಾಲದ ಲೋಹದ ಬಳೆ ಮತ್ತು ಗುಂಡಿಯನ್ನೂ ಉಳಿಸಿಕೊಂಡಿದ್ದರು. ಬಲ್ಬು ಸುಟ್ಟರೆ? ಎಂಬ ಅನುಮಾನ ಅಂದೇ ಇತ್ತು, ಅದಕ್ಕೆ ಉತ್ತರವೂ ಇತ್ತು. ಇದನ್ನು ನೆನಪಿಡಿ, ಪಿಸ್ತೂಲಿನಲ್ಲಿ ಮತ್ತೆ ಬರುತ್ತದೆ.

ವಿಮಾನದ ಕವಲು ಬೇರೆಯೇ ಆಗಿ ಬೆಳೆಯಿತು. ಅದರಿಂದ ಹುಟ್ಟಿದ್ದು ಚಾಲಕನ ಕಣ್ಣೆದುರಿನ ಗಾಜಿನ ಮೇಲೆ ವೇಗ, ಎತ್ತರ, ದಿಕ್ಕುಗಳನ್ನೆಲ್ಲ ಬರೆದು ತೋರಿಸುವ ಹೆಡ್-ಅಪ್ ಡಿಸ್‌ಪ್ಲೇ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಸಲ ಹಾರಿದ ನಮ್ಮ ಹಗುರ ಯುದ್ಧವಿಮಾನ ‘ತೇಜಸ್’ಗೆ ಈ ಉಪಕರಣವನ್ನು ರೂಪಿಸಿದ್ದು ಚಂಡೀಗಢದ ಸಿಎಸ್‌ಐಓ ಸಂಸ್ಥೆ. ಗ್ರಬ್‌ನ ಓರೆ ಗಾಜು ಅಲ್ಲಿಯೂ ಇದೆ.

ಬೆಳಕು ಸೂಸುವ ಹರಳು

ಕೈಬಂದೂಕಿನ ಮಟ್ಟಿಗೆ ಮಾತ್ರ ಐವತ್ತು-ಅರವತ್ತು ವರ್ಷ ಏನೂ ಆಗಲಿಲ್ಲ. ನಡುವೆ ಒಂದು ವಿಚಿತ್ರ ಪ್ರಯತ್ನ ಬಂತು. ‘ಸಿಂಗಲ್‌ಪಾಯಿಂಟ್’ ಎಂಬ ಸೈಟಿಗೆ ಬ್ಯಾಟರಿ ಇರಲಿಲ್ಲ, ಆಚೆ ಕಾಣುವ ಗಾಜೂ ಇರಲಿಲ್ಲ. ಅದು ಮುಂದೆ ಮುಚ್ಚಿದ ಕೊಳವೆ. ಒಂದು ಕಣ್ಣಿಗೆ ಕಪ್ಪು ಹಿನ್ನೆಲೆಯಲ್ಲಿ ಚುಕ್ಕಿ ಮಾತ್ರ ಕಾಣುತ್ತಿತ್ತು, ಇನ್ನೊಂದು ಕಣ್ಣು ಗುರಿಯನ್ನು ನೋಡುತ್ತಿತ್ತು. ಎರಡನ್ನೂ ಸೇರಿಸುವ ಕೆಲಸ ಮೆದುಳಿನದು! 1970ರ ನವೆಂಬರಿನಲ್ಲಿ ಅಮೆರಿಕದ ವಿಶೇಷ ಪಡೆ ಉತ್ತರ ವಿಯೆಟ್ನಾಮಿನ ಸೊನ್ ತೇ ಬಂದೀಖಾನೆಯ ಮೇಲೆ ರಾತ್ರಿ ದಾಳಿ ನಡೆಸಿದಾಗ ಇದನ್ನು ಬಳಸಿತ್ತು. ಬಂದೀಖಾನೆಯಲ್ಲಿ ಕೈದಿಗಳೇ ಇರಲಿಲ್ಲ ಎಂಬುದು ಬೇರೆ ಮಾತು.

ನಿಜವಾದ ತಿರುವು ಬಂದದ್ದು ದೀಪದ ಕಡೆಯಿಂದ. 1962ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪೆನಿಯ ನಿಕ್ ಹೋಲೊನ್ಯಾಕ್ ಕಣ್ಣಿಗೆ ಕಾಣುವ ಕೆಂಪು ಬೆಳಕು ಸೂಸುವ ಡಯೋಡ್, ಅಂದರೆ ಎಲ್‌ಇಡಿ, ತಯಾರಿಸಿದ. ಹತ್ತು ವರ್ಷದಲ್ಲಿ ಅದು ಕ್ಯಾಲ್ಕ್ಯುಲೇಟರಿನ ಕೆಂಪು ಅಂಕಿಗಳಾಗಿ ಅಂಗಡಿಗೆ ಬಂತು. ಇಲ್ಲಿ ಸುಡುವ ತಂತಿಯಿಲ್ಲ, ಅಲುಗಾಟಕ್ಕೆ ಮುರಿಯುವ ಭಾಗವಿಲ್ಲ, ಬೆಳಕು ಹೊರಡುವ ಜಾಗ ಸಾಸಿವೆಗಿಂತಲೂ ಚಿಕ್ಕದು. 1975ರಲ್ಲಿ ಸ್ವೀಡನ್ನಿನ ಏಮ್‌ಪಾಯಿಂಟ್ ಕಂಪೆನಿ ಎಲ್‌ಇಡಿ ಬಳಸಿದ ಮೊದಲ ಸೈಟನ್ನು ಮಾರುಕಟ್ಟೆಗೆ ತಂದಿತು.

ಇದರಲ್ಲಿ ಮಸೂರ ಮತ್ತು ಓರೆ ಹಲಗೆ ಎಂಬ ಎರಡು ಭಾಗಗಳ ಬದಲು ಬಾಗಿದ ಗಾಜು ಒಂದೇ ಎರಡೂ ಕೆಲಸ ಮಾಡುತ್ತದೆ. ಅದರ ಮೇಲಿನ ತೆಳು ಲೇಪನ ಕೆಂಪನ್ನು ಮಾತ್ರ ಹಿಂದಿರುಗಿಸಿ ಉಳಿದ ಬಣ್ಣಗಳನ್ನು ದಾಟಲು ಬಿಡುತ್ತದೆ. ಎಲ್‌ಇಡಿಯ ಮಟ್ಟಿಗೆ ಅದು ನಿಮ್ನ ದರ್ಪಣ, ಎದುರಿನ ದೃಶ್ಯದ ಮಟ್ಟಿಗೆ ಕಿಟಕಿ. ಕೆಂಪಿನ ಒಂದು ಪಾಲು ಕಳೆದುಹೋಗುವುದರಿಂದ ಇಂಥ ಸೈಟಿನ ಮೂಲಕ ಲೋಕ ತುಸು ನೀಲಿಯಾಗಿ ಕಾಣುತ್ತದೆ.

ಬ್ಯಾಟರಿಯ ಲೆಕ್ಕ ಸ್ವಾರಸ್ಯವಾದದ್ದು. ಇಂದಿನ ಸೈಟುಗಳಲ್ಲಿರುವ ಸಿಆರ್2032 ಗುಂಡಿ ಬ್ಯಾಟರಿಯ ಸಾಮರ್ಥ್ಯ ಸುಮಾರು 225 ಮಿಲಿಆಂಪಿಯರ್-ಗಂಟೆ. ಹಳೆಯ ಸೂಚಕ ದೀಪಗಳಂತೆ 20 ಮಿಲಿಆಂಪಿಯರ್ ಎಳೆದರೆ ಅದು ಹನ್ನೊಂದು ಗಂಟೆಯಲ್ಲಿ ಖಾಲಿ. ಆದರೆ ಎಲ್‌ಇಡಿಗಳ ದಕ್ಷತೆ ಹೆಚ್ಚಿದಂತೆಲ್ಲ ಅಗತ್ಯವಾದ ಪ್ರವಾಹ ಮೈಕ್ರೊಆಂಪಿಯರುಗಳಿಗೆ ಇಳಿಯಿತು. 50,000 ಗಂಟೆ ಉರಿಯಬೇಕಾದರೆ ಸರಾಸರಿ ನಾಲ್ಕೂವರೆ ಮೈಕ್ರೊಆಂಪಿಯರ್ ಮಾತ್ರ ಬಳಸಬೇಕು. ಈಗಿನ ಒಳ್ಳೆಯ ಸೈಟುಗಳು ಇದನ್ನು ಸಾಧಿಸಿವೆ. ಐವತ್ತು ಸಾವಿರ ಗಂಟೆ ಎಂದರೆ ಐದು ವರ್ಷದ ಮೇಲೆ. ದೀಪವನ್ನು ಆರಿಸುವ ಅಗತ್ಯವೇ ಇಲ್ಲ. ಮರೆಯಲ್ಲಿ ಒಯ್ಯುವ ಪಿಸ್ತೂಲಿಗೆ ಇದೇ ನಿರ್ಣಾಯಕವಾಯಿತೆಂದು ನನ್ನ ಅಭಿಪ್ರಾಯ. ಪ್ರಾಣಾಪಾಯದ ಹೊತ್ತಿನಲ್ಲಿ ಸ್ವಿಚ್ಚು ಹುಡುಕಬೇಕಾದ ಉಪಕರಣ ಎಷ್ಟೇ ನಿಖರವಾಗಿದ್ದರೂ ಉಪಯೋಗವಿಲ್ಲ.

ಮೂವತ್ತೈದು ಗ್ರಾಂ, ಮೂವತ್ತೈದು ಕಿಲೋ

ರೈಫಲ್ಲಿಗೆ ಚುಕ್ಕಿ ಬೇಗ ಒಗ್ಗಿತು. 1997ರಲ್ಲಿ ಅಮೆರಿಕದ ಭೂಸೇನೆ ಏಮ್‌ಪಾಯಿಂಟನ್ನು ಎಂ68 ಎಂಬ ಹೆಸರಿನಲ್ಲಿ ಸ್ವೀಕರಿಸಿತು. ಪಿಸ್ತೂಲಿನಲ್ಲಿ ಮೊದಲು ಕಂಡದ್ದು ಸ್ಪರ್ಧೆಗಳಲ್ಲಿ. 1990ರಲ್ಲಿ ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ ನಡೆದ ವಿಶ್ವಸ್ಪರ್ಧೆಯನ್ನು ಡಗ್ ಕೋನಿಗ್ ಗೆದ್ದದ್ದು ಚುಕ್ಕಿಯ ಸೈಟಿದ್ದ ಪಿಸ್ತೂಲಿನಿಂದ. ಆದರೆ ಆ ಸೈಟುಗಳು ಕೊಳವೆಯಾಕಾರದವು. ಅವನ್ನು ಪಿಸ್ತೂಲಿನ ಅಲುಗದ ಚೌಕಟ್ಟಿಗೆ ಕಬ್ಬಿಣದ ತೋಳು ಕೊಟ್ಟು ಕೂರಿಸುತ್ತಿದ್ದರು. ಅಂಥದನ್ನು ಅಂಗಿಯ ಕೆಳಗೆ ಅಡಗಿಸುವ ಮಾತೇ ಇಲ್ಲ.

ಅಡಗಿಸಬೇಕಾದರೆ ಸೈಟನ್ನು ಸ್ಲೈಡಿನ ಮೇಲೆಯೇ ಕೂರಿಸಬೇಕು. ಪಿಸ್ತೂಲಿನ ಮೇಲ್ಭಾಗದ ಈ ಉಕ್ಕಿನ ಹೊದಿಕೆ ಪ್ರತಿ ಗುಂಡಿಗೂ ಹಿಂದಕ್ಕೆ ಚಿಮ್ಮಿ ಮತ್ತೆ ಮುಂದಕ್ಕೆ ಬಂದು ಬಡಿಯುತ್ತದೆ. ಆ ಪೆಟ್ಟು ಎಷ್ಟೆಂದು ಲೆಕ್ಕ ಹಾಕೋಣ. ಗುಂಡಿನ ತೂಕ 8 ಗ್ರಾಂ, ವೇಗ ಸೆಕೆಂಡಿಗೆ 350 ಮೀಟರ್. ಸಂವೇಗ ಸಂರಕ್ಷಣೆಯ ಪ್ರಕಾರ ನಳಿಗೆಯೂ ಸೇರಿ ಅರ್ಧ ಕಿಲೋ ತೂಗುವ ಸ್ಲೈಡು ಸೆಕೆಂಡಿಗೆ ಐದೂವರೆ ಮೀಟರಿಗಿಂತ ಸ್ವಲ್ಪ ಹೆಚ್ಚಿನ ವೇಗದಲ್ಲಿ ಹಿಂದಕ್ಕೆ ಹೊರಡುತ್ತದೆ. ಗುಂಡು 10 ಸೆಂಟಿಮೀಟರ್ ನಳಿಗೆಯನ್ನು ದಾಟುವ ಅವಧಿ ಸೆಕೆಂಡಿನ ಸಾವಿರದ ಒಂದು ಭಾಗದ ಅರ್ಧಕ್ಕಿಂತ ತುಸು ಹೆಚ್ಚು. ಅಷ್ಟರಲ್ಲಿ ಈ ವೇಗ ಬರಬೇಕೆಂದರೆ ವೇಗೋತ್ಕರ್ಷ ಗುರುತ್ವದ ಸುಮಾರು ಸಾವಿರ ಪಟ್ಟು! 35 ಗ್ರಾಂ ಸೈಟು ಆ ಕ್ಷಣಕ್ಕೆ 35 ಕಿಲೋ ತೂಗಿದ ಹಾಗೆ. ಅದನ್ನು ಹಿಡಿದಿರುವುದು ಸಾಮಾನ್ಯವಾಗಿ ಎರಡು ಪುಟ್ಟ ತಿರುಪು ಮೊಳೆಗಳು. 3 ಗ್ರಾಂ ಬ್ಯಾಟರಿ 3 ಕಿಲೋ ಆಗಿ ತನ್ನ ಸ್ಪ್ರಿಂಗ್ ತಗಡನ್ನು ತಳ್ಳುತ್ತದೆ. ಕ್ಷಣಾರ್ಧ ಸಂಪರ್ಕ ತಪ್ಪಿದರೂ ಚುಕ್ಕಿ ಮಾಯ.

ಮೊದಮೊದಲು ಸ್ಲೈಡಿಗೆ ಏರಿದ ಪುಟ್ಟ ಸೈಟುಗಳಲ್ಲಿ ಮಿನುಗುವುದು, ಬೆಸುಗೆ ಬಿಡುವುದು, ತಿರುಪು ಸಡಿಲವಾಗುವುದು ಎಲ್ಲವೂ ಆದವು. 2009ರಲ್ಲಿ ಟ್ರಿಜಿಕಾನ್ ಕಂಪೆನಿಯ ಆರ್‌ಎಂಆರ್ ಬಂದ ಮೇಲೆ ಚಿತ್ರ ಬದಲಾಯಿತು. ಆಗಲೂ ಸ್ಲೈಡಿನಲ್ಲಿ ಗುಳಿ ಕೊರೆಸಿಕೊಳ್ಳಲು ಯಂತ್ರದ ಕಾರ್ಖಾನೆಗೆ ಕಳಿಸಬೇಕಿತ್ತು. 2015ರಲ್ಲಿ ಗ್ಲಾಕ್ ಕಂಪೆನಿ ಗುಳಿ ಕೊರೆದೇ ಮಾರತೊಡಗಿತು. 2017ರ ಜನವರಿಯಲ್ಲಿ ಅಮೆರಿಕದ ಸೇನೆ ಆರಿಸಿದ ಎಂ17 ಪಿಸ್ತೂಲಿನಲ್ಲೂ ಸೈಟು ಕೂರಿಸಲು ಏರ್ಪಾಡಿದೆ.

ಹಾಗಾದರೆ ಪ್ರಶ್ನೆ ಮುಗಿಯಿತೆ? ಇಲ್ಲ. ಗ್ರಬ್‌ನ ಗುಣವೇ ಇಲ್ಲಿ ದೋಷವೂ ಆಗುತ್ತದೆ. ಚುಕ್ಕಿಯಿಂದ ಬರುವ ಸಮಾಂತರ ಕಿರಣಗಳ ಕಟ್ಟು ಕಿಟಕಿಯಷ್ಟೇ ಅಗಲ. ಕಿಟಕಿಯ ಎತ್ತರ 16 ಮಿಲಿಮೀಟರ್, ಅದು ಕಣ್ಣಿನಿಂದ 60 ಸೆಂಟಿಮೀಟರ್ ದೂರ ಎಂದಿಟ್ಟುಕೊಳ್ಳಿ. ಮಣಿಕಟ್ಟು ಒಂದು ಡಿಗ್ರಿಯ ಮುಕ್ಕಾಲು ಭಾಗ ಮೇಲಕ್ಕೋ ಕೆಳಕ್ಕೋ ಬಾಗಿದರೆ ಸಾಕು, ಕಿರಣಗಳ ಕಟ್ಟು ಕಣ್ಣನ್ನು ತಪ್ಪಿಸಿ ಹೋಗುತ್ತದೆ. ಆಗ ಕಾಣುವುದು ಬರಿ ಗಾಜು. ಕಬ್ಬಿಣದ ಮೊಳೆಯಾದರೆ ಎತ್ತ ತಪ್ಪಿದೆ ಎಂದಾದರೂ ಹೇಳುತ್ತದೆ. ಚುಕ್ಕಿ ಸುಳಿವೇ ಕೊಡದೆ ಮರೆಯಾಗುತ್ತದೆ. ಹೊಸಬರು ಪಿಸ್ತೂಲನ್ನು ಅತ್ತಿತ್ತ ಆಡಿಸಿ ಚುಕ್ಕಿ ಹುಡುಕುವುದು ಇದಕ್ಕೇ. ಸಾವಿರಾರು ಸಲ ಹೊರತೆಗೆದು ಎತ್ತಿ ಹಿಡಿದು ರೂಢಿ ಮಾಡಿಕೊಂಡವನಿಗೆ ಇದು ತೊಂದರೆಯಲ್ಲ. ಪಿಸ್ತೂಲು ಕೊಂಡು ಪೆಟ್ಟಿಗೆಯಲ್ಲಿ ಇಟ್ಟವನಿಗೆ ದೊಡ್ಡ ತೊಂದರೆ. ವಿಪರ್ಯಾಸವೆಂದರೆ ಜೇಬಿಗೆ ಹೊಂದುವ ತೆಳು ಪಿಸ್ತೂಲುಗಳಿಗಾಗಿ ಕಿಟಕಿಯನ್ನು ಇನ್ನೂ ಕಿರಿದು ಮಾಡಿದ್ದಾರೆ.

ಚುಕ್ಕಿಯ ಗಾತ್ರವನ್ನು ಡಿಗ್ರಿಯ ಅರವತ್ತನೆಯ ಒಂದು ಭಾಗವಾದ ಮಿನಿಟಿನಲ್ಲಿ ಅಳೆಯುತ್ತಾರೆ. ಹುಣ್ಣಿಮೆಯ ಚಂದ್ರನ ವ್ಯಾಸ ಸುಮಾರು 30 ಮಿನಿಟು. ಮೂರು ಮಿನಿಟಿನ ಚುಕ್ಕಿ ಅದರ ಹತ್ತರಲ್ಲೊಂದು ಪಾಲು, 10 ಮೀಟರಿನಲ್ಲಿ 9 ಮಿಲಿಮೀಟರಿನಷ್ಟು ಜಾಗವನ್ನು ಮುಚ್ಚುತ್ತದೆ. ಕಣ್ಣಿನಲ್ಲಿ ಅಸ್ಟಿಗ್ಮಾಟಿಸಂ ದೋಷವಿರುವವರಿಗೆ ಅದು ಚುಕ್ಕಿಯಾಗಿರದೆ ಬಾಲಚುಕ್ಕಿಯಾಗಿ, ದ್ರಾಕ್ಷಿಗೊಂಚಲಾಗಿ ಕಾಣುವುದುಂಟು. ಸೈಟು ಕೆಟ್ಟಿದೆಯೆಂದು ಅಂಗಡಿಯವನ ಜೊತೆ ಜಗಳವಾಡುವ ಮೊದಲು ಮೊಬೈಲಿನ ಕ್ಯಾಮೆರಾದಲ್ಲಿ ನೋಡಬೇಕು. ಅಲ್ಲಿ ಗುಂಡಗೆ ಕಂಡರೆ ದೋಷ ಕಣ್ಣಿನದು.

ಇನ್ನು ಮೈಗೆ ಅಂಟಿಕೊಂಡೇ ಇರುವುದರ ಕಷ್ಟ. ಎಲ್‌ಇಡಿಯಿಂದ ಗಾಜಿನವರೆಗಿನ ದಾರಿ ಈ ಪುಟ್ಟ ಸೈಟುಗಳಲ್ಲಿ ತೆರೆದೇ ಇರುತ್ತದೆ. ಬಟ್ಟೆಯ ಎಳೆ, ಧೂಳು, ಒಂದು ಮಳೆಹನಿ ಎಲ್‌ಇಡಿಯ ಮೇಲೆ ಕುಳಿತರೆ ಕಿರಣ ಚೆದರಿ ಚುಕ್ಕಿ ಒಡೆದುಹೋಗುತ್ತದೆ. ತಂಪು ಕೋಣೆಯಿಂದ ಸೆಕೆಯ ಬೀದಿಗೆ ಬಂದಾಗ ಗಾಜಿನ ಮೇಲೆ ಮಂಜು ಕವಿಯುವುದು ಕನ್ನಡಕದವರಿಗೆಲ್ಲ ಗೊತ್ತು. ಬೆಳಕಿಗೆ ತಕ್ಕಂತೆ ಚುಕ್ಕಿಯ ಪ್ರಖರತೆಯನ್ನು ತಾನೇ ಬದಲಿಸುವ ಸೈಟುಗಳಿಗೆ ಇನ್ನೊಂದು ಸಂಕಟ: ಅವು ಅಳೆಯುವುದು ಹಿಡಿದವನ ಸುತ್ತಲಿನ ಬೆಳಕನ್ನು. ಕತ್ತಲೆಯ ಕೋಣೆಯಲ್ಲಿ ನಿಂತು ಬಿಸಿಲಿನ ಅಂಗಳದ ಕಡೆ ನೋಡಿದರೆ ಮಂದವಾದ ಚುಕ್ಕಿ ಬಿಸಿಲಿನಲ್ಲಿ ಕರಗಿಹೋಗುತ್ತದೆ.

ತೆರೆದ ದಾರಿಯ ತೊಂದರೆಗೆ ಮದ್ದಾಗಿ ಏಮ್‌ಪಾಯಿಂಟ್ 2018ರಲ್ಲಿ ಎರಡೂ ಕಡೆ ಗಾಜಿಟ್ಟು ಮುಚ್ಚಿದ ಪೆಟ್ಟಿಗೆಯಂಥ ಆಕ್ರೊ ಎಂಬ ಪಿಸ್ತೂಲಿನ ಸೈಟನ್ನು ಪ್ರಕಟಿಸಿತು. ಬೇರೆ ಕಂಪೆನಿಗಳೂ ಅದೇ ದಾರಿ ಹಿಡಿದವು. ಮುಚ್ಚಿದ್ದು ಸ್ವಾಭಾವಿಕವಾಗಿ ದಪ್ಪ ಮತ್ತು ಭಾರ. ಆಕ್ರೊ ಸುಮಾರು 60 ಗ್ರಾಂ, ಸ್ಲೈಡು ಚಿಮ್ಮುವಾಗ 60 ಕಿಲೋ. ಹಾಗಾಗಿ ಅದನ್ನು ತಿರುಪಿನ ಬದಲು ಅಡ್ಡ ಹಿಡಿಕೆಯಿಂದ ಬಿಗಿಯುತ್ತಾರೆ. ಸೊಂಟದಲ್ಲಿ ಅದು ಉಬ್ಬಿ ಕಾಣುವುದೂ ಹೆಚ್ಚು.

ನನ್ನ ಲೆಕ್ಕದಲ್ಲಿ ಉತ್ತರ ಹೀಗಿದೆ. ಚಾಳೀಸು ಬಂದ ಕಣ್ಣಿಗೆ, ಅಭ್ಯಾಸ ಬಿಡದವನಿಗೆ, ಹತ್ತು-ಹದಿನೈದು ಮೀಟರಿನಾಚೆಯ ಗುರಿಗೆ ಚುಕ್ಕಿ ಖಂಡಿತ ವ್ಯಾವಹಾರಿಕ, ಕಬ್ಬಿಣದ ಗುರುತುಗಳಿಗಿಂತ ಮೇಲು. ಮೂರು-ನಾಲ್ಕು ಮೀಟರಿನ ತೀರ ಹತ್ತಿರದಲ್ಲಿ, ಅಭ್ಯಾಸವಿಲ್ಲದ ಕೈಯಲ್ಲಿ, ಅದರಿಂದ ಲಾಭ ಕಡಿಮೆ. ಚುಕ್ಕಿ ಹುಡುಕುವ ಹೊತ್ತು ದಂಡ. ಪೂರ್ತಿ ನಂಬಿದವರೂ ಅದೊಂದನ್ನೇ ನಂಬುವುದಿಲ್ಲ. ಈಗ ಮಾರಾಟವಾಗುವ ಎಷ್ಟೋ ಪಿಸ್ತೂಲುಗಳಲ್ಲಿ ಕಚ್ಚನ್ನೂ ಮೊಳೆಯನ್ನೂ ಎತ್ತರಿಸಿ, ಚುಕ್ಕಿಯ ಗಾಜಿನ ಮೂಲಕವೇ ಅವು ಕಾಣುವಂತೆ ಮಾಡಿರುತ್ತಾರೆ. ಬ್ಯಾಟರಿ ಐದು ವರ್ಷ ಬರುತ್ತದೆಂದು ಕಂಪೆನಿ ಹೇಳಿದರೂ ಅನುಭವಿಗಳು ವರ್ಷಕ್ಕೊಮ್ಮೆ, ಮರೆಯಬಾರದೆಂದು ಹುಟ್ಟಿದ ದಿನವನ್ನೋ ಹೊಸ ವರ್ಷವನ್ನೋ ಗುರುತು ಮಾಡಿಕೊಂಡು, ಬದಲಿಸುತ್ತಾರೆ. ಸ್ಪಿಟ್‌ಫೈರಿನ ಚಾಲಕನ ಪಕ್ಕದ ಬಿಡಿ ಬಲ್ಬಿನ ಜಾಗದಲ್ಲಿ ಈಗ ಹತ್ತಿಪ್ಪತ್ತು ರೂಪಾಯಿಯ ಗುಂಡಿ ಬ್ಯಾಟರಿ ಇದೆ.